ಸೊಂಟ ನೋವಿದ್ದವರು ಯಾವ ಕೈಟ್ ಹಾರ್ನೆಸ್ ಕೊಳ್ಳಬೇಕು?

ಪ್ರಶ್ನೆ (ಬ್ಯಾಂಕ್ ನೌಕರ, ಕಾರವಾರ):
ಎಲ್ಲರಿಗೂ ನಮಸ್ಕಾರ. ನನಗೆ 42 ವರ್ಷ, ತೂಕ 78 ಕೆಜಿ, ಇಡೀ ದಿನ ಕುರ್ಚಿ ಕೆಲಸ. ಗೋವಾದ ಮೋರ್ಜಿಮ್‌ನಲ್ಲಿ ಕೈಟ್‌ಬೋರ್ಡಿಂಗ್ ಕಲಿತೆ, ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ಹಲಗೆ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ. ಈಗ ಸ್ವಂತ 12 ಚದರ ಮೀಟರ್ ಕೈಟ್ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಸಿಕ್ಕಿದ ದಿನ ಟಾಗೋರ್ ಬೀಚಿನಲ್ಲಿ ಇಳಿಯುತ್ತೇನೆ. ಕೈಟನ್ನು ಮೈಗೆ ಸಿಕ್ಕಿಸುವ ಪಟ್ಟಿ, ಅಂದರೆ ಹಾರ್ನೆಸ್ ಮಾತ್ರ ಗೆಳೆಯರು ಕೊಟ್ಟ ಹಳೆಯದು, ಸೊಂಟಕ್ಕೆ ಮಾತ್ರ ಸುತ್ತುವ ಮೆತ್ತನೆಯ ವೇಸ್ಟ್ ಹಾರ್ನೆಸ್. ಅರ್ಧ ಗಂಟೆಯಲ್ಲಿ ಎದೆಗೆ ಏರಿ ಕೂರುತ್ತದೆ. ಆಮೇಲೆ ಸೊಂಟ ಹಿಡಿದುಕೊಳ್ಳುತ್ತದೆ, ಮರುದಿನ ಬಗ್ಗಿ ಚಪ್ಪಲಿ ಹಾಕುವುದೂ ಕಷ್ಟ. ಕೆಳಬೆನ್ನಿಗೆ ಒಳ್ಳೆ ಆಸರೆ ಕೊಡುವ ಹಾರ್ನೆಸ್ ಯಾವುದು? ಪ್ಯಾಡ್ ದಪ್ಪ ಇದ್ದಷ್ಟೂ ಒಳ್ಳೆಯದಾ?

ಉತ್ತರ (ಕೈಟ್ ತರಬೇತುದಾರ, ಗೋಕರ್ಣ):
ಸರ್, ಎದೆಗೆ ಏರುತ್ತದೆ ಅಂದಿರಲ್ಲ, ಮೊದಲು ಅದನ್ನೇ ಹಿಡಿಯೋಣ. ಪ್ಯಾಡಿನ ದಪ್ಪ ಆಮೇಲಿನ ಮಾತು.

ಕೈಟ್ ಮುಂದಕ್ಕೂ ಎಳೆಯುತ್ತದೆ, ಮೇಲಕ್ಕೂ ಎಳೆಯುತ್ತದೆ. ಆ ಎಳೆತ ಹಾರ್ನೆಸ್ಸಿನ ಮುಂದಿನ ಕೊಕ್ಕೆಗೆ ಬರುತ್ತದೆ. ಕೊಕ್ಕೆಯಿಂದ ಅದನ್ನು ಹೊತ್ತ ಅಡ್ಡ ಸರಳು, ಅಂದರೆ ಸ್ಪ್ರೆಡರ್ ಬಾರ್, ಅಲ್ಲಿಂದ ಪಟ್ಟಿಗಳು, ಕೊನೆಗೆ ಬೆನ್ನ ಹಿಂದಿನ ಭಾಗ. ಹಾರ್ನೆಸ್ ಸೊಂಟದಲ್ಲೇ ನಿಂತರೆ ದೇಹದ ತೂಕದ ನಡುಭಾಗಕ್ಕೆ ಹತ್ತಿರದಲ್ಲಿ ಎಳೆತ ಬೀಳುತ್ತದೆ. ಪಕ್ಕೆಲುಬಿಗೆ ಏರಿತೋ, ಕೈಟ್ ನಿಮ್ಮನ್ನು ಎದೆಯಲ್ಲಿ ಹಿಡಿದು ಎಳೆಯುತ್ತದೆ, ಸೊಂಟ ಕೆಳಗೆ ಜೋತು ಬೀಳುತ್ತದೆ. ಅದನ್ನು ಎತ್ತಿ ಹಿಡಿಯುವ ಕೆಲಸ ಪೂರ್ತಿ ಕೆಳಬೆನ್ನಿನ ಸ್ನಾಯುಗಳದ್ದು. ಹೊತ್ತಾದಂತೆ ಅವು ಸೋಲುತ್ತವೆ. ಎಷ್ಟೇ ದಪ್ಪ ಪ್ಯಾಡ್ ಇದ್ದರೂ ತಪ್ಪಾದ ಜಾಗದಲ್ಲಿ ಕೂತರೆ ಏನು ಪ್ರಯೋಜನ?

ಇನ್ನು ಮೆತ್ತನೆಯದು, ಗಟ್ಟಿಯದು. ಮೆತ್ತನೆ ಹಾರ್ನೆಸ್ ಅಂಗಡಿಯಲ್ಲಿ ಹಾಕಿ ನೋಡಿದಾಗ ಭಾರಿ ಹಿತ. ನೀರಿನಲ್ಲಿ ಎಳೆತ ಬಿದ್ದ ಕೂಡಲೇ ಹಳೇ ಹಗ್ಗದ ಮಂಚದ ಹಾಗೆ ನಡುವೆ ಕುಸಿದು, ಎರಡೂ ಪಕ್ಕದಿಂದ ಪಕ್ಕೆಲುಬನ್ನು ಹಿಂಡುತ್ತದೆ. ಗಟ್ಟಿ ಬೆನ್ನಿನದು, ಅಂದರೆ ಹಾರ್ಡ್ ಶೆಲ್, ಆ ಎಳೆತವನ್ನು ಇಡೀ ಕೆಳಬೆನ್ನಿಗೆ ಹಂಚುತ್ತದೆ. ರೈಡ್ ಎಂಜಿನ್ ಕಂಪನಿ ಹೆಸರು ಮಾಡಿದ್ದು ಇದರಿಂದಲೇ. ಮಿಸ್ಟಿಕ್‌ನ ಮೆಜೆಸ್ಟಿಕ್ ಎಕ್ಸ್ ಕೂಡ ಇದೇ ಜಾತಿ. ನಿಮ್ಮ ತೊಂದರೆಗೆ ಗಟ್ಟಿಯದ್ದೇ ಸರಿ ಅನಿಸುತ್ತದೆ.

ಆದರೆ ಒಂದು ಷರತ್ತು. ಶೆಲ್ಲಿನ ಬಾಗು ನಿಮ್ಮ ಬೆನ್ನಿನ ಬಾಗಿಗೆ ಹೊಂದಬೇಕು. ಕೆಲವರ ಕೆಳಬೆನ್ನು ಒಳಗೆ ಬಾಗಿರುತ್ತದೆ, ಕೆಲವರದ್ದು ಹಲಗೆ ಹಾಗೆ ಸಪಾಟು. ಮೆತ್ತನೆಯದು ಹೇಗೋ ಹೊಂದಿಕೊಂಡು ಹೋಗುತ್ತದೆ, ಗಟ್ಟಿಯದು ಹೆಚ್ಚೇನೂ ಬಗ್ಗುವುದಿಲ್ಲ. ಸಪಾಟು ಬೆನ್ನಿಗೆ ಜಾಸ್ತಿ ಬಾಗಿದ ಶೆಲ್ ಹಾಕಿದರೆ ನಡುಭಾಗ ಒಂದೇ ಒತ್ತುತ್ತದೆ, ಮೇಲಿನ ಅಂಚು, ಕೆಳಗಿನ ಅಂಚು ಎರಡೂ ಬೆನ್ನು ಬಿಟ್ಟು ನಿಲ್ಲುತ್ತವೆ. ಅದಕ್ಕೇ ಇಂಟರ್ನೆಟ್ಟಿನಲ್ಲಿ ಒಬ್ಬರು ಹೊಗಳಿದ ಮಾದರಿಯನ್ನು ಇನ್ನೊಬ್ಬರು ಬೈಯುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅಳತೆಯ ವಿಷಯ. ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿಯಿರಿ. ಪ್ಯಾಂಟಿನ ಸೈಜ್ ನಂಬಬೇಡಿ, ನಾವು ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ ಅಲ್ವಾ! ಎರಡು ಸೈಜ್‌ಗಳ ನಡುವೆ ಬಂದರೆ ಚಿಕ್ಕದನ್ನೇ ಆರಿಸಿ, ಏಕೆಂದರೆ ಒಳಗಿನ ಫೋಮ್ ಒದ್ದೆಯಾಗಿ ಬಳಸಿದಂತೆ ಸ್ವಲ್ಪ ಸಡಿಲಾಗುತ್ತದೆ. ಯುರೋಪಿನವರು ದಪ್ಪ ವೆಟ್‌ಸೂಟ್ ಮೇಲೆ ಹಾಕುತ್ತಾರೆ, ನಮಗೆ ಕಾರವಾರದ ಬೆಚ್ಚಗಿನ ನೀರಿಗೆ ತೆಳ್ಳನೆಯ ಲೈಕ್ರಾ ಅಂಗಿ ಸಾಕು. ಆದ್ದರಿಂದ ಅಲ್ಲಿಯವರು ಒಂದು ಸೈಜ್ ದೊಡ್ಡದು ತಗೊಳ್ಳಿ ಅಂದರೆ ಅದು ನಮಗಲ್ಲ. ಪಟ್ಟಿ ಪೂರ್ತಿ ಬಿಗಿದ ಮೇಲೂ ಸ್ಪ್ರೆಡರ್ ಬಾರಿನ ಎರಡೂ ತುದಿಗೂ ಹಾರ್ನೆಸ್ಸಿನ ಅಂಚಿಗೂ ನಡುವೆ ಸ್ವಲ್ಪ ಜಾಗ ಉಳಿದಿರಬೇಕು. ತುದಿ ಅಂಚಿಗೆ ಬಡಿದು ಇನ್ನು ಬಿಗಿಯಲು ಜಾಗವೇ ಇಲ್ಲ ಅಂದರೆ ಒಂದೋ ಹಾರ್ನೆಸ್ ದೊಡ್ಡದು, ಇಲ್ಲವೇ ಬಾರ್ ಉದ್ದ. ನಿಮ್ಮ ಹಳೆಯದು ಏರುವುದಕ್ಕೂ ಇದೇ ಕಾರಣ ಇರಬಹುದು, ಇವತ್ತೇ ಹಾಕಿ ನೋಡಿ. ನೀರಿಗಿಳಿದು ಹತ್ತು ನಿಮಿಷಕ್ಕೆ ದಡಕ್ಕೆ ಬಂದು ಮತ್ತೊಮ್ಮೆ ಬಿಗಿಯುವುದನ್ನೂ ರೂಢಿ ಮಾಡಿಕೊಳ್ಳಿ.

ಕೊಳ್ಳುವ ಮೊದಲು ನೇತಾಡಿ ನೋಡಲೇಬೇಕು. ಗಟ್ಟಿ ತೊಲೆಗೆ ಹಗ್ಗ ಕಟ್ಟಿ, ಕೊಕ್ಕೆಗೆ ಸಿಕ್ಕಿಸಿ, ಪಾದ ನೆಲಕ್ಕೆ ಊರಿ ಹಿಂದಕ್ಕೆ ವಾಲಿ. ಐದು ಹತ್ತು ನಿಮಿಷ ಹಾಗೇ ಇರಿ. ಎಡಕ್ಕೆ ಬಲಕ್ಕೆ ತಿರುಗಿ. ಕನ್ನಡಿ ಮುಂದೆ ಒಂದು ನಿಮಿಷ ನಿಂತರೆ ಎಲ್ಲ ಹಾರ್ನೆಸ್ಸೂ ಚೆನ್ನಾಗಿಯೇ ಇರುತ್ತವೆ.

ಮರುಪ್ರಶ್ನೆ (ಅದೇ ಬ್ಯಾಂಕ್ ನೌಕರ):
ತುಂಬಾ ಉಪಕಾರ. ತೊಡೆಗೂ ಪಟ್ಟಿ ಬರುವ ಸೀಟ್ ಹಾರ್ನೆಸ್ ಹಾಕು ಅಂತ ಮೋರ್ಜಿಮ್‌ನಲ್ಲಿ ಹೇಳಿದ್ದರು. ಅದು ಕಲಿಯುವವರದ್ದು ಅಂತ ಬಿಟ್ಟೆ. ಇನ್ನೊಂದು, ಮೆಡಿಕಲ್ ಶಾಪಿನಲ್ಲಿ ಸಿಗುವ ಸೊಂಟದ ಬೆಲ್ಟ್ ಒಳಗೆ ಕಟ್ಟಿಕೊಂಡು ಮೇಲೆ ಹಾರ್ನೆಸ್ ಹಾಕಿದರೆ ಆಗದಾ?

ಉತ್ತರ (ತರಬೇತುದಾರ):
ಬೆಲ್ಟ್ ಬೇಡ ಮಾರಾಯ್ರೆ. ಅದು ಒದ್ದೆಯಾಗಿ ಜಾರುತ್ತದೆ, ಹಾರ್ನೆಸ್ಸನ್ನೂ ಜಾರಿಸುತ್ತದೆ. ಒಳಗಿನ ಲೋಹದ ಪಟ್ಟಿಗೆ ಉಪ್ಪುನೀರು ತಾಗಿದರೆ ತುಕ್ಕು. ಪೆಟ್ಟು ತಡೆಯುವ ದಪ್ಪನೆಯ ಇಂಪ್ಯಾಕ್ಟ್ ಜಾಕೆಟ್ ಒಳಗೆ ಹಾಕಿದರೂ ಇದೇ ಕಥೆ, ಹಾರ್ನೆಸ್ ಮೇಲಕ್ಕೇ ಹೋಗುತ್ತದೆ. ಸೊಂಟದ ಹತ್ತಿರ ಗಿಡ್ಡಗೆ ಕತ್ತರಿಸಿದ, ಕೈಟ್‌ಗೆಂದೇ ಮಾಡಿದ ಜಾಕೆಟ್ ಬರುತ್ತದೆ, ಅದನ್ನು ನೋಡಿ.

ಸೀಟ್ ಹಾರ್ನೆಸ್ ಕಲಿಯುವವರದ್ದು ಅನ್ನುವುದು ಸುಮ್ನೆ ದಡದ ಮೇಲಿನ ಮರ್ಯಾದೆ ಪ್ರಶ್ನೆ. ತೊಡೆಯ ಪಟ್ಟಿ ಇರುವುದರಿಂದ ಅದು ಏರುವುದಿಲ್ಲ, ಕೊಕ್ಕೆಯೂ ಕೆಳಗೆ ಇರುತ್ತದೆ. ಸ್ವಲ್ಪ ಹೊಟ್ಟೆ ಇರುವವರಿಗೆ ವೇಸ್ಟ್ ಹಾರ್ನೆಸ್ ನಿಲ್ಲುವುದೇ ಕಷ್ಟ, ಅಂಥವರಿಗೆ ನಾನು ನೇರವಾಗಿ ಸೀಟೇ ಹೇಳುತ್ತೇನೆ. ಡಕೈನ್‌ನ ಫ್ಯೂಷನ್ ಈ ಬಗೆಯದು. ಲೋಪ ಏನೆಂದರೆ ದೇಹ ತಿರುಗಿಸುವುದು ಕಷ್ಟ, ನಡೆಯುವಾಗ ತೊಡೆ ಸಂದಿ ಉಜ್ಜುತ್ತದೆ. ನೀವು ಹಾರುವ ಆಟಕ್ಕಿಂತ ಸುತ್ತಾಡುವುದೇ ಜಾಸ್ತಿ ಅನ್ನುವುದಾದರೆ ಎರಡನ್ನೂ ನೇತಾಡಿ ನೋಡಿ ಆಮೇಲೆ ಆರಿಸಿ.

ಟಾಗೋರ್ ಬೀಚಿನದ್ದೇ ಒಂದು ಮಾತು ಸೇರಿಸುತ್ತೇನೆ. ಗಾಳಿ ವಾಯವ್ಯದಿಂದ ಬಂದರೆ ಅದು ನಿಮ್ಮನ್ನು ಬೈತಖೋಲ್ ಬಂದರಿನ ಕಡೆ ತಳ್ಳುತ್ತದೆ. ವಾಪಸ್ ಬರಲು ನೀವು ಬೋರ್ಡಿನ ಅಂಚನ್ನು ಒತ್ತಿ ಒತ್ತಿ ಗಾಳಿಗೆ ಎದುರಾಗಿ ಏರುತ್ತೀರಿ. ಸೊಂಟಕ್ಕೆ ಅತಿ ಹೆಚ್ಚು ಹೊರೆ ಬೀಳುವುದು ಆಗಲೇ. ಸುಸ್ತಾದಾಗ ದಡಕ್ಕೆ ಬಂದು ನಡೆದೇ ವಾಪಸ್ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ. ಉತ್ತರದ ತುದಿಯಿಂದ ಶುರು ಮಾಡಿದರೆ ಜಾಗ ಜಾಸ್ತಿ ಸಿಗುತ್ತದೆ, ಆದರೆ ಇಳಿತದ ಹೊತ್ತಿನಲ್ಲಿ ಕಾಳಿ ಅಳಿವೆಯಿಂದ ದೂರ ಇರಿ. ಕೈಟ್ ನಡೆಸಲು ಕೈಯಲ್ಲಿ ಹಿಡಿಯುವ ಬಾರ್ ಅನ್ನು ತೋಳಿನಿಂದ ಎಳೆಯಬೇಡಿ, ಹೊರೆಯನ್ನು ಕೊಕ್ಕೆಗೇ ಬಿಡಿ. ಸೊಂಟ ಮುಂದೆ, ಭುಜ ಹಿಂದೆ. ಗಾಳಿ ಜಾಸ್ತಿಯಾದರೆ ಬಾರಿನ ಮೇಲಿರುವ ಟ್ರಿಮ್ ಪಟ್ಟಿ ಎಳೆದು ಕೈಟಿನ ಬಲ ಇಳಿಸಿ. ಬಲ ಜಾಸ್ತಿ ಇರುವ ಕೈಟ್ ಜೊತೆ ಗುದ್ದಾಡುತ್ತಾ ಹಾರ್ನೆಸ್ಸನ್ನು ಬೈದರೆ ಅದೇನು ಮಾಡೀತು?

ಪ್ರತಿಕ್ರಿಯೆ (ಫಿಸಿಯೋಥೆರಪಿಸ್ಟ್, ಶಿರಸಿ):
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ಹಾರ್ನೆಸ್ ಆರಿಸುವ ಮೊದಲು ನೋವು ಯಾವಾಗ ಬರುತ್ತದೆ ಎಂದು ಗಮನಿಸಿ ಸರ್. ಹಿಂದಕ್ಕೆ ಬಾಗಿದಾಗ ನೋವು ಬಂದರೆ, ಕೆಳಬೆನ್ನನ್ನು ಮುಂದಕ್ಕೆ ದೂಡುವ ಜಾಸ್ತಿ ಬಾಗಿನ ಶೆಲ್ ನಿಮಗೆ ಹಿಡಿಸದೇ ಹೋಗಬಹುದು. ಮುಂದಕ್ಕೆ ಬಗ್ಗಿದಾಗ, ತುಂಬಾ ಹೊತ್ತು ಕೂತಾಗ ನೋವು ಬಂದರೆ, ಸೀಟ್ ಹಾರ್ನೆಸ್ಸಿನಲ್ಲಿ ಬೆನ್ನು ಗೂನು ಮಾಡಿ ಕೂರುವ ಅಭ್ಯಾಸ ತೊಂದರೆ ಕೊಡಬಹುದು. ಚಪ್ಪಲಿ ಹಾಕಲು ಬಗ್ಗುವುದು ಕಷ್ಟ ಅಂದಿದ್ದೀರಿ. ಇದನ್ನು ಯಾರಾದರೂ ಕಣ್ಣಾರೆ ನೋಡಿ ಹೇಳಬೇಕು, ಇಲ್ಲಿ ಬರೆದು ಆಗುವುದಿಲ್ಲ.

ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿದರೆ, ಶಕ್ತಿ ಕಡಿಮೆಯಾದರೆ ಹಾರ್ನೆಸ್ ಮಾತು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ತೊಡೆ ಸಂದಿಯಲ್ಲಿ ಸ್ಪರ್ಶವೇ ತಿಳಿಯದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ, ನಾಳೆ ನೋಡೋಣ ಅನ್ನಬೇಡಿ. ಹಾಗೇನೂ ಇಲ್ಲ ಅಂದರೆ ಪೃಷ್ಠದ, ಹೊಟ್ಟೆಯ ಸ್ನಾಯುಗಳನ್ನು ಗಟ್ಟಿ ಮಾಡಿಕೊಳ್ಳಿ. ಬ್ಯಾಂಕಿನ ಕುರ್ಚಿಯಿಂದ ಎದ್ದು ಸೀದಾ ಸಮುದ್ರಕ್ಕೆ ಹೋಗುವವರಿಗೆ ಹತ್ತು ನಿಮಿಷದ ಬಿರುಸಿನ ನಡಿಗೆಯೂ ದೊಡ್ಡದು.

ಪ್ರಶ್ನೆ (ಕುಮಟಾದ ಓದುಗರು):
ಅಣ್ಣಾ, ಹೆಂಗಸರಿಗೆ ಬೇರೆ ಹಾರ್ನೆಸ್ ಬೇಕೇ ಬೇಕಾ? ಸೆಕೆಂಡ್ ಹ್ಯಾಂಡ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ, ಗಂಡಸರ ಸ್ಮಾಲ್ ಸೈಜ್.

ಉತ್ತರ (ತರಬೇತುದಾರ):
ಬೇಕೇ ಬೇಕು ಅಂತಿಲ್ಲ ತಂಗಿ, ಹಾಕಿ ನೇತಾಡಿದರೆ ಗೊತ್ತಾಗುತ್ತದೆ. ನಡು ಸಣ್ಣ, ಪೃಷ್ಠ ಅಗಲ ಇರುವವರಿಗೆ ಗಂಡಸರ ಶೆಲ್ಲಿನ ಕೆಳಗಿನ ಅಂಚು ಸೊಂಟದ ಮೂಳೆಗೆ ಕುಳಿತು ಇಡೀ ಹಾರ್ನೆಸ್ಸನ್ನು ಮೇಲೆ ತಳ್ಳುತ್ತದೆ. ಹಾಗಾಗದಿದ್ದರೆ ತಗೋ.

ಸೆಕೆಂಡ್ ಹ್ಯಾಂಡ್ ಆದರೆ ಶೆಲ್ಲನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡು. ಕರಕರ ಸದ್ದು ಬಂದರೆ ಒಳಗೆ ಬಿರುಕಿರಬಹುದು. ಕೊಕ್ಕೆಯ ಬುಡದಲ್ಲಿ ತುಕ್ಕು, ಪಟ್ಟಿಯ ಹೊಲಿಗೆ, ಬಕಲ್ ಹಿಡಿತ ಎಲ್ಲ ನೋಡು. ಪಟ್ಟಿ ಎಳೆದು ಬಿಗಿದ ಮೇಲೆ ತಾನಾಗಿ ಜಾರಿದರೆ ಅದು ಬೇಡ. ಕೈಟಿನ ಹಗ್ಗ ಕತ್ತರಿಸುವ ಚಾಕು ಇಡುವ ಜೇಬು ಖಾಲಿ ಇದ್ದರೆ ಮೊದಲು ಒಂದು ಚಾಕು ತಂದು ಹಾಕು. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕು, ವಾಪಸ್ ಕಳಿಸುವುದೂ ದೊಡ್ಡ ತಲೆನೋವು. ಅದಕ್ಕೆ ಮೋರ್ಜಿಮ್‌ಗೋ ರಾಮೇಶ್ವರಕ್ಕೋ ಹೋದಾಗ ಅಲ್ಲಿಯ ಕೈಟ್ ಶಾಲೆಯವರ ಹತ್ತಿರ ಇರುವುದನ್ನೆಲ್ಲ ಹಾಕಿ ನೋಡಿ, ಮಾದರಿ, ಸೈಜ್ ಎರಡೂ ಬರೆದುಕೊಂಡು ಬಾ.

ಮಳೆಗಾಲಕ್ಕೆ ಎತ್ತಿಡುವ ಮೊದಲು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸು. ಸ್ಪ್ರೆಡರ್ ಬಾರ್ ಬಿಚ್ಚಿ ಬೇರೆ ಇಡು. ಮೂಟೆ ಕಟ್ಟಿ ಅಟ್ಟಕ್ಕೆ ಎಸೆದರೆ ನಮ್ಮ ಜುಲೈ ಮಳೆಗೆ ಬೂಸ್ಟು ಹಿಡಿಯುವುದು ಖಂಡಿತ.