ಅಪ್‌ಡೇಟ್: ಬೇಲೂರು ವಿಡಿಯೋ ಕೊನೆಗೂ ಹಾಕಿದೆ

ಹೋದ ತಿಂಗಳು ಕೇಳಿದ್ದೆನಲ್ಲ, ಬೇಲೂರು ದೇವಸ್ಥಾನದ ವಿಡಿಯೋವನ್ನು 15 ಸಲ ಎಡಿಟ್ ಮಾಡಿದರೂ ಯೂಟ್ಯೂಬ್‌ಗೆ ಹಾಕಲು ಧೈರ್ಯ ಬರುತ್ತಿಲ್ಲ ಅಂತ. ಇಡೀ ದೇವಸ್ಥಾನ ಬೇಡ, ಒಂದೇ ಶಿಲ್ಪ ಹಿಡಿದುಕೊಳ್ಳಿ ಅಂತ ನೀವೆಲ್ಲ ಅಂದಿರಿ. ಸರಿ, ಕಟ್ಟಿಸಿದ ಹೊಯ್ಸಳ ರಾಜ ವಿಷ್ಣುವರ್ಧನ, 1117ನೇ ಇಸವಿ, 2023ರ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಎಲ್ಲ ಕತ್ತರಿಸಿದೆ. (ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.) ಉಳಿದದ್ದು ದರ್ಪಣ ಸುಂದರಿ ಅನ್ನುವ ಶಿಲ್ಪ ಮಾತ್ರ.

ಹಾಸನದಿಂದ ಬೆಳಗಿನ ಬಸ್ಸಿಗೆ ಹೋಗಿ ಮೊಬೈಲಲ್ಲೇ 90 ಸೆಕೆಂಡು ತೆಗೆದೆ. ಸೂರಿನ ಕೆಳಗೆ ಅವಳು, ಕೈಯಲ್ಲಿ ಕನ್ನಡಿ. ನಡುವೆ ಯಾರೋ ಮಗುವನ್ನು ಜೋರಾಗಿ ಕೂಗಿದ್ದೂ ಸೇರಿಕೊಂಡಿದೆ. ಮೊದಲಾಗಿದ್ದರೆ ಅದಕ್ಕೇ ಎರಡು ದಿನ ತಲೆ ಕೆಡಿಸಿಕೊಳ್ಳುತ್ತಿದ್ದೆ. ಈ ಸಲ ಸುಮ್ನೆ ಬಿಟ್ಟೆ.

ವ್ಯೂಸ್ ಜಾಸ್ತಿ ಏನಿಲ್ಲ. ಒಬ್ಬರು ಮಾತ್ರ ಕೇಳಿದ್ದಾರೆ: ‘ಆ ಮಗು ಸಿಕ್ಕಿತಾ?’

ವಾರಕ್ಕೆ ಒಂದೇ ವಿಡಿಯೋ. ಭಾನುವಾರ ಫೋನ್ ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ಮುಂದಿನದು ಹಳೇಬೀಡಿನ ದೊಡ್ಡ ನಂದಿ.