ಅಪ್‌ಡೇಟ್: ನನ್ನ ಟೈಕಾನ್‌ಗೆ ಕೊನೆಗೂ ಕೆಎ ಸಂಖ್ಯೆ

ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ನನ್ನ ಪೋರ್ಷೆ ಟೈಕಾನ್ ವಿದ್ಯುತ್ ಕಾರನ್ನು ಬೆಂಗಳೂರಿಗೆ ತಂದರೆ ತೆರಿಗೆ ಕಟ್ಟಬೇಕೇ ಎಂದು ಹಿಂದೆ ಕೇಳಿದ್ದೆ, ಕಟ್ಟಲೇಬೇಕಾಯಿತು. ಕರ್ನಾಟಕದಲ್ಲಿ ವಿದ್ಯುತ್ ಕಾರುಗಳಿಗಿದ್ದ ಪೂರ್ಣ ವಿನಾಯಿತಿಯು, 25 ಲಕ್ಷ ರೂಪಾಯಿ ಮೀರಿದವುಗಳ ಮಟ್ಟಿಗೆ 2024ರಲ್ಲಿ ರದ್ದಾಗಿ, ಶೇ. 10ರ ಜೀವಿತಾವಧಿ ತೆರಿಗೆ ಬಂದಿತ್ತು. ಕಾರನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಲು ಮಹಾರಾಷ್ಟ್ರದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರಕ್ಕಾಗಿ ಆರು ವಾರ ಕಾದ ಮೇಲೆ, ಹೊಗೆಕೊಳವೆಯೇ ಇಲ್ಲದ ಈ ಕಾರಿಗೆ ಆರ್‌ಟಿಒ ಗುಮಾಸ್ತರು ಹೊಗೆ ತಪಾಸಣೆಯ ಪ್ರಮಾಣಪತ್ರ ಕೇಳಿದರು (ನಗುವುದೋ ಅಳುವುದೋ ತಿಳಿಯಲಿಲ್ಲ), ಮತ್ತು ವಿದ್ಯುತ್ ವಾಹನಕ್ಕೆ ಅದು ಬೇಕಿಲ್ಲವೆಂದು ಮೇಲಧಿಕಾರಿಗಳು ಹೇಳುವವರೆಗೆ ಕಡತ ಕದಲಲಿಲ್ಲ. ಕಳೆದ ವಾರ ಹಸಿರು ಫಲಕದ ಮೇಲೆ ಬಿಳಿ ಅಕ್ಷರದ ಕೆಎ ಸಂಖ್ಯೆ ಬಂದಿತು. ಭಾನುವಾರ ನಸುಕಿನಲ್ಲಿಯೇ ನಂದಿಬೆಟ್ಟ ಹತ್ತಿದೆ: ಸದ್ದಿಲ್ಲದೆ ಬೆನ್ನನ್ನು ಸೀಟಿಗೆ ಒತ್ತುವ ಆ ವೇಗ, ಇಳಿಜಾರಿನಲ್ಲಿ ಬ್ಯಾಟರಿಗೆ ಮರಳಿ ಸೇರುವ ಒಂದಿಷ್ಟು ಚಾರ್ಜು, ಇವುಗಳ ಮುಂದೆ ಆರು ವಾರಗಳ ಸಿಟ್ಟು ಅರ್ಧದಷ್ಟು ಇಳಿಯಿತು. ಸಲಹೆ ನೀಡಿದವರಿಗೆಲ್ಲ ವಂದನೆಗಳು.