ಮನೇಲಿರೋ ಹಳೇ ಕತ್ತಿ ಟಿಪ್ಪು ಕಾಲದ್ದಾ? ಗೊತ್ತಿರೋರು ಸ್ವಲ್ಪ ಹೇಳಿ

ಶಿರಾ ಸೀಮೆ: ಎಲ್ರಿಗೂ ನಮಸ್ಕಾರ. ನಮ್ಮನೇಲಿ ಒಂದು ಹಳೇ ಕತ್ತಿ ಇದೆ, ವರ್ಷಕ್ಕೊಂದ್ಸಲ ಆಯುಧಪೂಜೆಗೆ ಇಳಿಸಿ ಹುಣಸೆಹಣ್ಣಲ್ಲಿ ತಿಕ್ಕಿ ಅರಿಶಿನ ಕುಂಕುಮ ಇಟ್ಟು ವಾಪಸ್ ಅಟ್ಟಕ್ಕೆ ಹಾಕೋದು ಅಷ್ಟೇ. ದೊಡ್ಡಪ್ಪ ಟಿಪ್ಪು ಸೈನ್ಯದ್ದು ಅಂತಾರೆ, ಚಿಕ್ಕಪ್ಪ ಪಾಳೇಗಾರರದ್ದು ಅಂತಾರೆ, ಪ್ರತಿ ಹಬ್ಬಕ್ಕೂ ಇದೇ ಜಗಳ. ಅಲಗು ಬಾಗಿದೆ, ಟೇಪ್ ಹಿಡಿದ್ರೆ 32 ಇಂಚು ಚಿಲ್ರೆ, ಒಂದೇ ಕಡೆ ಬಾಯಿ, ತುದಿ ಹತ್ರ ಬರ್ತಾ ಅಗಲ ಜಾಸ್ತಿ ಆಗುತ್ತೆ, ಎರಡೂ ಬದಿ ಉದ್ದಕ್ಕೂ ಒಂದೊಂದು ಅಗಲವಾದ ತಗ್ಗಿದೆ. ಹಿಡಿ ಕಬ್ಬಿಣದ್ದು, ತಲೆ ಮೇಲೆ ಗುಂಡಗೆ ತಟ್ಟೆ ತರ ಇದೆ, ಸ್ವಲ್ಪ ಅಲ್ಲಾಡುತ್ತೆ. ಒರೆ ಇಲ್ಲ. ಮಾರೋಕಲ್ಲ, ಸುಮ್ನೆ ತಿಳ್ಕೊಳೋಕೆ.

ಮಂಡ್ಯ ಮಾವ: ಟಿಪ್ಪುದೇ ಇರ್ಲಿ ಗುರು, 2023ರಲ್ಲಿ ಲಂಡನ್ ಹರಾಜಲ್ಲಿ ಅವನ ಮಲಗೋ ಕೋಣೆ ಕತ್ತಿ 1 ಕೋಟಿ 40 ಲಕ್ಷ ಪೌಂಡ್‌ಗೆ ಹೋಯ್ತು, ನಿಮ್ಮ ದೊಡ್ಡಪ್ಪಂಗೆ ಈಗ್ಲೇ ಹೇಳ್ಬೇಡಿ 😄

ಹಳೇಕಬ್ಬಿಣ: ಆ ಹರಾಜಾದ್ಮೇಲೆ ಕರ್ನಾಟಕದಲ್ಲಿ ಅಟ್ಟದ ಮೇಲಿರೋದೆಲ್ಲ ಟಿಪ್ಪುದೇ ಆಗ್ಬಿಟ್ಟಿದೆ. ಟಿಪ್ಪು ಅರಮನೆ, ಕಾರ್ಖಾನೆ ಸಾಮಾನಲ್ಲಿ ಹುಲಿಪಟ್ಟೆ ಗುರುತು ಬಹಳ ಸಲ ಇರುತ್ತೆ, ಕೆಲವದ್ರಲ್ಲಿ ಅರಬ್ಬಿ ಲಿಪೀಲಿ ಹೈದರ್ ಅನ್ನೋ ಮುದ್ರೆ, ಅವನದೇ ಮೌಲೂದಿ ಶಕದ ಇಸವಿ ಇರುತ್ತೆ. ಸಾಮಾನ್ಯ ಸವಾರನ ಕತ್ತೀಲಿ ಅದ್ಯಾವ್ದೂ ಇಲ್ದೇನೂ ಇರ್ಬೋದು, ಹಾಗಂತ ಗುರುತಿಲ್ದೆ ಇರೋದನ್ನೆಲ್ಲ ಅವನ ಲೆಕ್ಕಕ್ಕೆ ಹಾಕೋಕಾಗಲ್ಲ.

ನೀವು ಅಲಗನ್ನೂ ಹಿಡೀನೂ ಬೇರೆ ಬೇರೆ ನೋಡ್ಬೇಕು. ತಟ್ಟೆ ತಲೆ ಅಂದ್ರೆ ತಲವಾರ್ ಹಿಡಿ, ಅದು ಡೆಕ್ಕನ್ನಿಂದ ಪಂಜಾಬ್ ತನಕ ನೂರಾರು ವರ್ಷ ನಡೆದ ಮಾದರಿ, ಹಿಡಿ ಒಂದ್ರಿಂದ ಕಾಲ ಹೇಳೋದು ಕಷ್ಟ. ಆದ್ರೆ ತುದೀಲಿ ಅಗಲ ಆಗೋದು, ಒಂದೇ ಅಗಲವಾದ ತಗ್ಗು, 32-33 ಇಂಚು... ಇದು ನಂಗೆ ಬೇರೇನೋ ನೆನಪು ಮಾಡ್ತಿದೆ. ಹಿಡಿ ಹತ್ರ ಒಂದೆರಡು ಇಂಚು ಬಾಯಿ ಇಲ್ದೆ ಮೊಂಡಾಗಿ ಬಿಟ್ಟಿದಾರಾ? ನಮ್ಮ ಕಡೆ ಅಲಗಿಗೆ ಸಾಮಾನ್ಯವಾಗಿ ಹಾಗೆ ಬಿಡ್ತಿದ್ರು. ಆಮೇಲೆ ಕತ್ತಿ ಬೆನ್ನನ್ನ ಹಿಡಿ ಕಡೆಯಿಂದ ಟಾರ್ಚ್ ಓರೆ ಹಿಡಿದು ನೋಡಿ, ಏನಾದ್ರೂ ಅಕ್ಷರ ಇದೆಯಾ ಅಂತ. ದಯವಿಟ್ಟು ತಿಕ್ಕಬೇಡಿ.

ಶಿರಾ ಸೀಮೆ: ಸಾರ್ ಮೊಂಡು ಜಾಗ ಇಲ್ಲ. ಬೆನ್ನ ಮೇಲೆ ಇಂಗ್ಲಿಷ್ ಅಕ್ಷರ ಇದೆ!! ಇಷ್ಟು ವರ್ಷ ಯಾರೂ ನೋಡೇ ಇಲ್ಲ, ಅರಿಶಿನ ಕೂತ್ಬಿಟ್ಟಿತ್ತು. ಅರ್ಧ ಸವೆದಿದೆ, ಯು ಎನ್ ಕೆ ಇ ಎಲ್, ಸ್ವಲ್ಪ ಜಾಗ ಬಿಟ್ಟು ಎಸ್ ಓ ಎಲ್ ಐ ತನಕ ಕಾಣುತ್ತೆ.

ಹಳೇಕಬ್ಬಿಣ: ಅಲ್ಲಿಗೆ ಅಲಗಿನ ವಿಷ್ಯ ಹೆಚ್ಚುಕಮ್ಮಿ ಮುಗೀತು. ಅದು ಜೆ ಜೆ ರಂಕಲ್, ಸೋಲಿಂಗನ್. ಜರ್ಮನಿಯ ಸೋಲಿಂಗನ್ ಅಲಗುಗಳನ್ನ ಲಂಡನ್ನಿಗೆ ತರಿಸಿ ಮಾರ್ತಿದ್ದ ವ್ಯಾಪಾರಿ, ಬೆನ್ನ ಮೇಲೆ ಹೆಸರು ಕೆತ್ತಿಸೋದು ಅವನ ರೂಢಿ. ನೀವು ಹೇಳಿದ ಆಕಾರ ಬ್ರಿಟಿಷರ 1796ರ ಲೈಟ್ ಕ್ಯಾವಲ್ರಿ (ಹಗುರ ಕುದುರೆ ದಳದ) ಕತ್ತಿ ಮಾದರಿಗೆ ಸರಿಯಾಗಿ ಕೂರುತ್ತೆ, ಹಾಗಾಗಿ 1790ರ ದಶಕದ ಕೊನೆಯಿಂದ 1800ರ ದಶಕದ ಒಳಗಿನದು ಅನ್ಬೋದು. ಆ ಅಲಗು ನಮ್ಮ ಸವಾರರಿಗೆ ಬಹಳ ಇಷ್ಟ ಆಗಿತ್ತು, ಬ್ರಿಟಿಷ್ ಹಿಡಿ ಕಿತ್ತು ತಲವಾರ್ ಹಿಡಿ ಹಾಕ್ಕೊಂಡಿರೋವು ಎಷ್ಟೋ ಸಿಗ್ತವೆ. ಟಿಪ್ಪು ಹೋಗಿದ್ದು 1799ರ ಮೇನಲ್ಲಿ, ಅಷ್ಟರೊಳಗೆ ಅಲಗು ಇಲ್ಲಿಗೆ ಬಂದು ಹಿಡಿ ಬದಲಾಗಿ ಅವನ ಸವಾರನ ಕೈ ಸೇರ್ತು ಅನ್ನೋಕೆ ನನ್ ಮನಸ್ಸು ಒಪ್ಪಲ್ಲ. ಪಾಳೇಗಾರರ ಮಾತಂತೂ ಬಿಡಿ.

ಸವಾರ್‌ಲೈನ್: ಒಂದು ಸೇರಿಸ್ತೀನಿ. 1807ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನ 4000 ಕುದುರೆ ಸವಾರರನ್ನ ಇಟ್ಕೋಬೇಕು ಅಂತ ಇತ್ತು, ಅದೇ ಸಿಲ್ಲೇದಾರ್ ದಳ. ಸಿಲ್ಲೇದಾರ್ ಪದ್ಧತೀಲಿ ಕುದುರೆ, ಆಯುಧ ಎಲ್ಲ ಸವಾರನ ಕಡೆಯಿಂದ್ಲೇ, ಅಂದ್ಮೇಲೆ ಎಲ್ಲಿ ಒಳ್ಳೆ ಅಲಗು ಸಿಕ್ಕಿದ್ರೂ ತಗೊಂಡು ಊರಿನ ಕಮ್ಮಾರನ ಹತ್ರ ಹಿಡಿ ಹಾಕಿಸ್ಕೊಳೋದು ಸಹಜ. ನಿಮ್ಮನೇಲಿ ಯಾರಾದ್ರೂ ಕುದುರೆ ನೌಕರೀಲಿ ಇದ್ರಾ?

ಶಿರಾ ಸೀಮೆ: ಅಯ್ಯೋ, ನಮ್ಮ ಹಳೇ ಜಮೀನಿನ ಕಾಗದದಲ್ಲಿ ಒಬ್ರ ಹೆಸರಿನ ಮುಂದೆ ಬಾರ್ಗೀರ್ ಅಂತ ಇದೆ, ಅದೇನು ಅಂತ ಯಾರಿಗೂ ಗೊತ್ತಿರ್ಲಿಲ್ಲ.

ಸವಾರ್‌ಲೈನ್: ಬಾರ್ಗೀರ್ ಅಂದ್ರೆ ಸಿಲ್ಲೇದಾರನ, ಅಂದ್ರೆ ಕುದುರೆ ಇಟ್ಟಿರೋನ, ಕುದುರೆ ಹತ್ತೋ ಸವಾರ, ಇವನ ಕುದುರೆ ಮಾತ್ರ ಸ್ವಂತದ್ದಲ್ಲ. ಈ ಕತ್ತಿ ಅವರದೇ ಅಂತ ಕಾಗದ ಹೇಳಲ್ಲ, ಆದ್ರೂ ಜೋಪಾನ ಮಾಡಿ, ಕತ್ತಿ ಜೊತೆಗೇ ಅದರ ಜೆರಾಕ್ಸೂ ಇಡಿ. ನಿಮ್ಮ ಚಿಕ್ಕಪ್ಪ ದೊಡ್ಡಪ್ಪ ಇಬ್ರಿಗೂ ಸೋಲು ಅನ್ಸುತ್ತೆ.

ಹಳೇಕಬ್ಬಿಣ: ಹಿಡಿ ಅಲ್ಲಾಡೋದಕ್ಕೆ ಹೆದರಬೇಡಿ, ಒಳಗೆ ಅರಗು ಹಾಕಿ ಕೂರಿಸಿರ್ತಾರೆ, ಒಣಗಿ ಪುಡಿಯಾಗಿರುತ್ತೆ. ವೆಲ್ಡಿಂಗ್ ಶಾಪಿಗೆ ಮಾತ್ರ ಕೊಡಬೇಡಿ, ಫೆವಿಕ್ವಿಕ್ಕೂ ಬೇಡ. ನೂರು ವರ್ಷ ದಾಟಿದ್ದು ಆದ್ರಿಂದ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ, ಅಮೆರಿಕದ ಅಳಿಯ ಕೇಳಿದ್ರೂ ಕೊಡಬೇಡಿ.

ಶಿರಾ ಸೀಮೆ: ಅಮ್ಮ ಕೇಳ್ತಿದಾರೆ, ಹಾಗಾದ್ರೆ ಪೂಜೆ ಹೇಗೆ ಮಾಡೋದು ಅಂತ.

ಹಳೇಕಬ್ಬಿಣ: ಧಾರಾಳವಾಗಿ ಮಾಡ್ಲಿ. ಹುಣಸೆಹಣ್ಣು ನಿಲ್ಲಿಸಿ, ಆ ಹುಳಿಗೇ ಅಕ್ಷರ ಸವೆದಿರೋದು. ಕುಂಕುಮ ಹಿಡಿಗೆ ಇಡಿ, ಮಾರನೇ ದಿನ ಒಣ ಬಟ್ಟೇಲಿ ಒರೆಸಿ ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರಿ ಇಡಿ, ಕೊಬ್ಬರಿ ಎಣ್ಣೆ ಬೇಡ.